ಅಮಾನತ್ತು

ಭಾಗ್ಯನಗರದ ನೇಕಾರರ ಬ್ಯಾಂಕಿಗೆ ನಾನು ಸೇರಿದಾಗ
ಅದರ ಹೆಸರು ಬೋರ್ಡಿನ ಒಂದೇ ಸಾಲಿನಲ್ಲಿ ಹಿಡಿಯುತ್ತಿತ್ತು.
ಕಿನ್ನಾಳದ ಗೊಂಬೆಯವರ ಸಂಘ ಬಂದು ಕೂಡಿತು, ಎರಡು ಸಾಲಾಯಿತು.
ಗಂಗಾವತಿಯ ಅಕ್ಕಿ ಗಿರಣಿಯವರ ಬ್ಯಾಂಕು ಬಂದಿತು,
ಬಂದಿತೋ, ನಾವೇ ಹೋದೆವೋ, ಯಾರೂ ಸರಿಯಾಗಿ ಹೇಳಲಿಲ್ಲ.
ಪೇಂಟರ್ ಮೌಲಾಸಾಬ್ ಅಕ್ಷರ ಸಣ್ಣ ಮಾಡುತ್ತ ಹೋದ.
ಈಗ ರಾಯಚೂರಿನವರು. ಬೋರ್ಡು ಅಲ್ಲಿಂದಲೇ ಬಂದಿದೆ,
ಪ್ಲಾಸ್ಟಿಕ್ಕಿನದು, ಒಳಗೆ ದೀಪ.
ಮೌಲಾಸಾಬ್ ಕುಂಚ ತೊಳೆದಿಟ್ಟ.

ಸರ್ವಸಾಧಾರಣ ಸಭೆಯಲ್ಲಿ ಅಧ್ಯಕ್ಷರು ಹೇಳಿದ್ದರು:
"ಇಟಲಿ ದೇಶದಾಗೂ ಹಿಂಗ ಆಗೇತ್ರೀ. ಊರಿಗೊಂದು ಬ್ಯಾಂಕಿತ್ತಂತ,
ನೂರಾರು. ಎಲ್ಲಾ ಈಗ ಎರಡು ಮೂರು ಛತ್ರಿ ಕೆಳಗ."
ಹಿಂದಿನ ಸಾಲಿನಿಂದ ಹುಲಿಗೆವ್ವ:
"ಗಾಳಿ ಬಿಟ್ರ ಛತ್ರಿ ಯಾರ್ ಹಿಡೀತಾರ್ರೀ ಅಲ್ಲಿ?"
ನಕ್ಕರು. ಒಗ್ಗರಣಿ ಮಿರ್ಚಿ ಹಂಚಿದರು. ಕೈ ಎತ್ತಿದರು.
ಇನ್ನೂರ ಹದಿನಾರು ಕೈ, ನಾನೇ ಎಣಿಸಿದ್ದು.
ಅದರಲ್ಲಿ ಕೆಲವು ಇನ್ನೊಂದು ಮಿರ್ಚಿಗಾಗಿ ಎದ್ದವು.

ಲೆಕ್ಕ ಕೂಡಿಸುವ ರಾತ್ರಿ ಒಂದು ಷೇರು ಹೆಚ್ಚಾಯಿತು.
ನಮ್ಮ ಪುಸ್ತಕದಲ್ಲಿದೆ, ಅವರ ಕಂಪ್ಯೂಟರು ಒಲ್ಲೆನ್ನುತ್ತದೆ.
ಹನ್ನೆರಡಾಯಿತು, ಒಂದಾಯಿತು. ರಾಯಚೂರಿನ ಹುಡುಗಿ ಫರ್ಹಾನಾ
ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು.
ನಾನು ಮನೆಗೆ ಫೋನು ಮಾಡಿದೆ.

ಅವ್ವ ಐವತ್ತು ವರ್ಷ ಕೆಚ್ಚಿದವಳು.
ಮುಗಿದ ಹಾಸಿನ ತುದಿಗೆ ಹೊಸ ಹಾಸಿನ ತುದಿ,
ಬೂದಿ ಹಚ್ಚಿದ ಬೆರಳಲ್ಲಿ ಎಳೆಗೆ ಎಳೆ ಹೊಸೆದು.
ಗಂಟು ಹಾಕುವಂತಿಲ್ಲ, ಹಣಿಗೆಯಲ್ಲಿ ಸಿಕ್ಕುತ್ತದೆ.
"ಒಂದ್ ಎಳಿ ಉಳೀತಂದ್ರ ಎಣಿಕಿ ಮ್ಯಾಲ ಸಿಟ್ಟಾಗಬ್ಯಾಡೋ ತಮ್ಮಾ,
ಮೊದಲಿಂದ ನೋಡ್ಕೋತ ಬಾ."

ಮೊದಲೆಂದರೆ ಕೆಂಪು ಬಟ್ಟೆಯ ಕಟ್ಟು, ಇಲಿ ಕಚ್ಚಿದ ಮೂಲೆ.
ಹಾಲಿ ಸಿಕ್ಕಾದ ಕಾಲ. ಹನ್ನೊಂದು ನೇಕಾರರು,
ತಲೆಗೊಂದು ರೂಪಾಯಿ, ಹನ್ನೊಂದು ಹೆಬ್ಬೆಟ್ಟು.
ಅವಕ್ಕೂ ಮೇಲೆ, ಸಂಖ್ಯೆಯಿಲ್ಲದ ಸಾಲಿನಲ್ಲಿ:
ಶ್ರೀ ಬನಶಂಕರಿ ತಾಯಿ, ಷೇರು ಒಂದು.
ಸಹಿಯ ಜಾಗದಲ್ಲಿ ಕುಂಕುಮದ ಬೊಟ್ಟು,
ಈಗ ತುಕ್ಕಿನ ಬಣ್ಣ.

ಹಿಂದಿನ ಎರಡು ಕೂಡಿಕೆಯಲ್ಲೂ ಯಾರೋ ಗುಮಾಸ್ತರು
ತಲೆ ತಗ್ಗಿಸಿ, ಕೈಬರಹದಲ್ಲಿ, ಅವಳನ್ನು ದಾಟಿಸಿದ್ದರು.

"ಆಧಾರ್ ಇಲ್ಲ, ನಾಮಿನಿ ಇಲ್ಲ, ಫೋಟೋ ಇಲ್ಲ," ಎಂದಳು ಫರ್ಹಾನಾ.
"ಫೋಟೋ ಐತ್ರೀ ಮೇಡಂ," ಎಂದು ಜವಾನ ಯಮನೂರಪ್ಪ
ಗೋಡೆಯ ಕ್ಯಾಲೆಂಡರು ತೋರಿಸಿದ.
ನಕ್ಕಳು. ನಗುತ್ತಲೇ ಲಾಭಾಂಶ ಕೂಡತೊಡಗಿದಳು,
ಎಪ್ಪತ್ತು ವರ್ಷದ್ದು, ಒಮ್ಮೆಯೂ ಬಿಡಿಸಿಕೊಳ್ಳದ್ದು.
ಕೋಳಿ ಕೂಗುವ ಹೊತ್ತಿಗೆ ಸಾವಿರದ ನೂರ ನಾಲ್ಕು ರೂಪಾಯಿ.
ಪರದೆಯ ಮೇಲೆ ಹುಟ್ಟಿದ ದಿನಾಂಕದ ಚೌಕ
ಮಿಣುಕುತ್ತಲೇ ಇತ್ತು.

"ಅಮಾನತ್ತಿಗೆ ಹಾಕ್ತೀನಿ ಸರ್."
ನನಗೆ ಆ ಮಾತು ಪೇಪರಿನದು:
ಕಡತ ಕಳೆದ ಪಿಡಿಒ, ಅಮಾನತ್ತು. ಕುಡಿದು ಬಂದ ಪೇದೆ, ಅಮಾನತ್ತು.
ನನ್ನ ಮುಖ ನೋಡಿ ಅವಳು ಹೇಳಿದಳು:
"ನಮ್ಮಜ್ಜಿ ಹಜ್ಜಿಗೆ ಹೋಗುವಾಗ ಬಾಜೂ ಮನೆ ಈರಮ್ಮನ ಕೈಗೆ
ಬೀಗದ ಕೈ, ಎರಡು ಆಡು ಕೊಟ್ಟು ಹೋಗಿದ್ದಳು, ಸರ್.
ಅದಕ್ಕೂ ನಮ್ಮಲ್ಲಿ ಅಮಾನತ್ತು ಅಂತಲೇ ಅಂತಾರೆ.
ತಿರುಗಿ ಬಂದಾಗ ಮೂರು ಆಡು ಇದ್ದವಂತೆ."
ಎಂಟರ್ ಒತ್ತಿದಳು.

ಮನೆಯಲ್ಲಿ ಅವ್ವ ಎದ್ದೇ ಇದ್ದಳು.
"ಸಿಕ್ತೇನು? ಕಡೀಲಿಲ್ಲ ಹೌದಿಲ್ಲೋ?
ಉಳಿದ ಎಳಿಗೆ ಮಗ್ಗದ ಹಿಂದ ಸಣ್ಣ ಕಲ್ಲು ಕಟ್ಟಿ ಇಳಿಬಿಡಬೇಕು.
ಸೀರಿ ಮುಗಿಯೋತನ ಜೋಡೀಲೆ ಬರ್ತೈತಿ."

ಸ್ನಾನ ಮಾಡಿ ಹತ್ತಕ್ಕೆ ಹೋದರೆ
ಹೊಸ ಬೋರ್ಡು ಹಾಡಹಗಲಲ್ಲೇ ಉರಿಯುತ್ತಿತ್ತು.
ಯಮನೂರಪ್ಪ ಬ್ಯಾಂಕಿನ ಗೋಡೆಯನ್ನೆಲ್ಲ ತಡವಿದ.
ಆರಿಸುವ ಗುಂಡಿ ರಾಯಚೂರಿನಲ್ಲಿದೆಯಂತೆ.